ಸ್ಪ್ರಿಂಗ್ ಇಲ್ಲದ ಜೀಪು: ಏರ್ ಶಾಕ್ ಹೇಗೆ ಹೊರುತ್ತದೆ, ಎಲ್ಲಿ ಕೈಕೊಡುತ್ತದೆ

ಆಫ್‌ರೋಡ್ ಸ್ಪರ್ಧೆಗೆಂದೇ ಸಿದ್ಧಪಡಿಸಿದ ಕೆಲವು ಮಾರುತಿ ಜಿಪ್ಸಿಗಳಲ್ಲಿ ಬಾಡಿ ಎನ್ನುವುದು ಹೆಸರಿಗಷ್ಟೇ ಇರುತ್ತದೆ. ಉಳಿದದ್ದೆಲ್ಲ ಪೈಪಿನ ಪಂಜರ. ಅಂಥದೊಂದರ ಚಕ್ರದ ಒಳಬದಿಗೆ ಬಗ್ಗಿ ನೋಡಿ. ಕಾಯಿಲ್ ಸ್ಪ್ರಿಂಗ್ ಇಲ್ಲ, ಉಕ್ಕಿನ ಪಟ್ಟಿಗಳನ್ನು ಒಂದರ ಮೇಲೊಂದು ಜೋಡಿಸಿದ ಬ್ಲೇಡ್ ಸೆಟ್ಟೂ ಇಲ್ಲ. ಚಾಸಿಯಿಂದ ಇಳಿಬಿದ್ದ ಒಂದು ದಪ್ಪ ಸಿಲಿಂಡರ್, ಅದರಿಂದ ಹೊರಬಂದು ಆಕ್ಸಲ್‌ಗೆ ಸೇರುವ ಕ್ರೋಮ್ ರಾಡ್, ಅಷ್ಟೇ. ಗಾಡಿಯ ಭಾರವನ್ನೆಲ್ಲ ಹೊತ್ತಿರುವುದು ಆ ಸಿಲಿಂಡರ್ ಒಳಗೆ ಅದುಮಿಟ್ಟಿರುವ ನೈಟ್ರೋಜನ್. ಸ್ಪ್ರಿಂಗ್ ಮಾಡುವ ಕೆಲಸವನ್ನೂ ಶಾಕ್ ಅಬ್ಸಾರ್ಬರ್ ಮಾಡುವ ಕೆಲಸವನ್ನೂ ಒಂದೇ ಮೈಯಲ್ಲಿ ಮಾಡುವ ಈ ಸಾಧನವೇ ಏರ್ ಶಾಕ್.

ಬೆಂಗಳೂರಿನ ಫೋರ್ ಬೈ ಫೋರ್ ಬಳಗಗಳಲ್ಲಿ ಇದರ ಬಗ್ಗೆ ಆಸೆಯೂ ಇದೆ, ತಪ್ಪು ತಿಳಿವಳಿಕೆಯೂ ಇದೆ. ನನ್ನ ಅಭಿಪ್ರಾಯವನ್ನು ಮೊದಲೇ ಹೇಳಿಬಿಡುತ್ತೇನೆ. ಲಾರಿಯ ಮೇಲೆ ಹೇರಿಕೊಂಡು ಹೋಗಿ ಬಂಡೆಯ ಬುಡದಲ್ಲಿ ಇಳಿಸುವ ಗಾಡಿಗೆ ಏರ್ ಶಾಕ್ ಬಹಳ ಒಳ್ಳೆಯ ಆಯ್ಕೆ. ವಾರವಿಡೀ ಹೆಬ್ಬಾಳದ ಮೇಲ್ಸೇತುವೆ ಹತ್ತಿಳಿದು, ಶನಿವಾರ ಬೆಳಗಿನ ಜಾವ ಸ್ವಂತ ಚಕ್ರಗಳ ಮೇಲೆಯೇ ಸಕಲೇಶಪುರಕ್ಕೆ ಹೊರಡುವ ಥಾರ್‌ಗೋ ಜಿಮ್ನಿಗೋ ಅದು ಸಲ್ಲದು. ಇದು ಬೆಲೆಯ ಮಾತಲ್ಲ. ಕಾರಣ ಆ ಸಿಲಿಂಡರ್‌ನ ಒಳಗೇ ಇದೆ.

ಒಳಗಿಳಿಯುವ ಮೊದಲು ಇದನ್ನು ಇದರ ನೆಂಟರಿಷ್ಟರಿಂದ ಬೇರ್ಪಡಿಸಿಕೊಳ್ಳಬೇಕು. ಬಿಎಂಟಿಸಿಯ ವೋಲ್ವೊ ಬಸ್ಸು ಹಂಪನ್ನು ಮೆತ್ತಗೆ ದಾಟುವುದು ರಬ್ಬರಿನ ಗಾಳಿಚೀಲಗಳ ಮೇಲೆ. ಅವಕ್ಕೆ ಗಾಳಿ ತುಂಬಲು ಕಂಪ್ರೆಸರ್ ಇದೆ, ಎತ್ತರ ಅಳೆದು ಗಾಳಿ ಹೆಚ್ಚುಕಡಿಮೆ ಮಾಡುವ ವಾಲ್ವ್‌ಗಳಿವೆ, ಕುಲುಕಾಟ ತಡೆಯುವ ಶಾಕ್‌ಗಳು ಬೇರೆಯೇ ಇವೆ. 1990ರ ದಶಕದ ಆರಂಭದಲ್ಲಿ ರೇಂಜ್ ರೋವರ್‌ಗೆ ಬಂದದ್ದೂ ಈ ಜಾತಿಯದೇ. ಇನ್ನೊಂದು, ಮಾಮೂಲು ಶಾಕ್‌ನ ಮೈಗೆ ರಬ್ಬರ್ ತೋಳು ತೊಡಿಸಿ ಗಾಳಿ ತುಂಬುವಂಥದು. ಡಿಕ್ಕಿಯಲ್ಲಿ ಭಾರ ಹೆಚ್ಚಾದಾಗ ಗಾಡಿಯ ಹಿಂಭಾಗ ಕುಸಿಯದಂತೆ ಅದು ಸ್ಪ್ರಿಂಗ್‌ಗೆ ಹೆಗಲು ಕೊಡುತ್ತದೆ. ಜೆ.ಸಿ. ರಸ್ತೆಯ ಅಂಗಡಿಗಳಲ್ಲಿ ಸಿಗುವ ಗ್ಯಾಸ್ ಶಾಕ್ ಮತ್ತೂ ಬೇರೆ. ಅದರಲ್ಲಿ ಅನಿಲ ಇರುವುದು ಆಯಿಲ್ ನೊರೆಯಾಗದಿರಲಿ ಎಂದು ಮಾತ್ರ. ಭಾರ ಹೊರುವ ಜವಾಬ್ದಾರಿ ಅದಕ್ಕಿಲ್ಲ. ನಮ್ಮ ಏರ್ ಶಾಕ್‌ಗೆ ನಿಜವಾದ ಸೋದರ ಸಂಬಂಧಿ ಬೇಕಿದ್ದರೆ ವಿಮಾನದ ಲ್ಯಾಂಡಿಂಗ್ ಗೇರ್ ನೋಡಬೇಕು. ಎಚ್‌ಎಎಲ್‌ನ ವೈಮಾನಿಕ ವಸ್ತುಸಂಗ್ರಹಾಲಯಕ್ಕೆ ಹೋದವರು ಅಲ್ಲಿ ನಿಂತಿರುವ ಹಳೆಯ ವಿಮಾನಗಳ ರೆಕ್ಕೆಗಳಿಗಿಂತ ಕಾಲುಗಳನ್ನು ಒಮ್ಮೆ ಗಮನಿಸಿ. ವಿಮಾನದ ಕಾಲಿನೊಳಗೂ ಇರುವುದು ಇದೇ ಜೋಡಿ: ಭಾರ ಹೊರಲು ಅನಿಲ, ನೆಗೆತ ತಡೆಯಲು ಆಯಿಲ್.

ಈಗ ಸಿಲಿಂಡರ್ ಒಳಗೆ. ತಳಭಾಗದಲ್ಲಿ ಆಯಿಲ್, ಅದರ ಮೇಲೆ ನೈಟ್ರೋಜನ್. ಎರಡರ ನಡುವೆ ಗೋಡೆ ಇಲ್ಲ. ರಾಡ್‌ನ ತುದಿಗೆ ತೂತುಗಳಿರುವ ಪಿಸ್ಟನ್. ಆ ತೂತುಗಳನ್ನು ತೆಳು ಉಕ್ಕಿನ ಬಿಲ್ಲೆಗಳು ಮುಚ್ಚಿರುತ್ತವೆ. ಪಿಸ್ಟನ್ ಮೇಲೆ ಕೆಳಗೆ ಹೋಗುವಾಗ ಆಯಿಲ್ ಆ ಬಿಲ್ಲೆಗಳನ್ನು ಬಗ್ಗಿಸಿಕೊಂಡು ನುಸುಳಬೇಕು. ಅದರಿಂದ ಹುಟ್ಟುವ ತಡೆಯೇ ಡ್ಯಾಂಪಿಂಗ್. ಈ ಭಾಗ ಎಲ್ಲ ಒಳ್ಳೆಯ ಶಾಕ್‌ಗಳಲ್ಲೂ ಒಂದೇ ಥರ. ಸಿಲಿಂಡರ್ ಸದಾ ಮೇಲೆ, ರಾಡ್ ಕೆಳಗೆ ಇರುವಂತೆ ಏರ್ ಶಾಕ್ ಕೂರಿಸಬೇಕು ಎನ್ನುವುದು ಇದಕ್ಕೇ. ತಲೆಕೆಳಗಾಗಿ ಕೂರಿಸಿದರೆ, ರಾಡ್ ಚಾಚಿಕೊಂಡಾಗ ಪಿಸ್ಟನ್ ಆಯಿಲ್ ಬಿಟ್ಟು ಅನಿಲದಲ್ಲಿ ಈಜಾಡುತ್ತದೆ. ತಡೆಯುವವರು ಯಾರೂ ಇರುವುದಿಲ್ಲ.

ಭಾರ ಹೊರುವ ಭಾಗ ಮಾತ್ರ ಬೇರೆ. ಅನಿಲ ಪಿಸ್ಟನ್ನನ್ನು ಮೇಲಿನಿಂದ ಒತ್ತುತ್ತದೆ, ಹಾಗಾಗಿ ಪಿಸ್ಟನ್ ದೊಡ್ಡದಾದಷ್ಟೂ ಶಕ್ತಿ ಹೆಚ್ಚು ಎಂದು ಬಹಳ ಜನ ಅಂದುಕೊಂಡಿದ್ದಾರೆ. ಅದು ತಪ್ಪು. ಪಿಸ್ಟನ್‌ನಲ್ಲಿ ತೂತುಗಳಿವೆಯಲ್ಲ, ಹಾಗಾಗಿ ಗಾಡಿ ನಿಂತಿದ್ದಾಗ ಅದರ ಮೇಲೂ ಕೆಳಗೂ ಒತ್ತಡ ಒಂದೇ. ವ್ಯತ್ಯಾಸ ಇರುವುದು ಒಂದೇ ಕಡೆ: ಕೆಳಮೈಯಲ್ಲಿ ರಾಡ್ ಕೂತಿರುವಷ್ಟು ಜಾಗಕ್ಕೆ ಒತ್ತಡ ತಾಗುವುದಿಲ್ಲ. ಆದ್ದರಿಂದ ಗಾಡಿಯನ್ನು ಎತ್ತಿ ಹಿಡಿಯುವ ಬಲವೆಂದರೆ ಒತ್ತಡವನ್ನು ರಾಡ್‌ನ ಅಡ್ಡಕೊಯ್ತದ ವಿಸ್ತೀರ್ಣದಿಂದ ಗುಣಿಸಿದಷ್ಟೇ. ಏರ್ ಶಾಕ್‌ನ ರಾಡ್ ಮಾಮೂಲು ಶಾಕ್‌ನದಕ್ಕಿಂತ ಅಷ್ಟೊಂದು ದಪ್ಪ ಇರುವುದು ಗಟ್ಟಿತನಕ್ಕಾಗಿ ಮಾತ್ರವಲ್ಲ, ಹೊರುವುದೇ ಅದು ಎಂಬ ಕಾರಣಕ್ಕೆ.

ಒಂದು ಶಾಕ್ ತೆಗೆದುಕೊಂಡು ಲೆಕ್ಕ ಹಾಕೋಣ. ರಾಡ್‌ನ ದಪ್ಪ 32 ಮಿ.ಮೀ., ಅಂದರೆ ಹೆಚ್ಚುಕಡಿಮೆ ಒಂದೂಕಾಲು ಇಂಚು. ವಿಸ್ತೀರ್ಣ ಸುಮಾರು 8 ಚದರ ಸೆಂ.ಮೀ. ಓಡಾಟ, ಅಂದರೆ ರಾಡ್ ಒಳಹೊರಗೆ ಸರಿಯುವ ಒಟ್ಟು ದೂರ, 35 ಸೆಂ.ಮೀ. ಚಕ್ರ ಪೂರ್ತಿ ಜೋತುಬಿದ್ದಾಗ ಅನಿಲಕ್ಕೆ 350 ಸಿಸಿ ಜಾಗ, ಒತ್ತಡ 200 ಪಿಎಸ್‌ಐ. ಆಗ ಅದು ಹೊರುವುದು ಸುಮಾರು 113 ಕೆಜಿ. ಚಕ್ರ ಮೇಲೆದ್ದು ರಾಡ್ ಅರ್ಧ ಒಳಹೋದರೆ, ಒಳಬಂದ ರಾಡ್ ತಾನೇ 140 ಸಿಸಿ ಜಾಗ ಆಕ್ರಮಿಸಿ ಅನಿಲವನ್ನು 210 ಸಿಸಿಗೆ ಅದುಮುತ್ತದೆ. ಹೊರುವ ಬಲ ಸುಮಾರು 195 ಕೆಜಿ ಆಗುತ್ತದೆ. ಮುಕ್ಕಾಲು ಒಳಹೋದರೆ ಸುಮಾರು 300. ಪೂರ್ತಿ ಒಳಹೋದಾಗ ಅನಿಲಕ್ಕೆ ಉಳಿಯುವುದು ಕೇವಲ 70 ಸಿಸಿ, ಬಲ 600 ಕೆಜಿ. ಅಂದರೆ ಮೊದಲ ಅರ್ಧ ದಾರಿಯಲ್ಲಿ ಏರಿದ್ದು 80 ಕೆಜಿ, ಕೊನೆಯ ಕಾಲು ದಾರಿಯಲ್ಲಿ 300. ಸೈಕಲ್ ಪಂಪಿನ ಬಾಯಿಗೆ ಹೆಬ್ಬೆರಳಿಟ್ಟು ಹಿಡಿ ಒತ್ತಿದವರಿಗೆ ಈ ಅನುಭವ ಹೊಸದಲ್ಲ: ಮೊದಮೊದಲು ಸಲೀಸು, ಕೊನೆಗೆ ಕಲ್ಲು.

ಕಾಯಿಲ್ ಸ್ಪ್ರಿಂಗ್‌ನ ಸ್ವಭಾವ ಇದಲ್ಲ. ಸೆಂಟಿಮೀಟರಿಗೆ 20 ಕೆಜಿ ಎಂದರೆ ಮೊದಲ ಸೆಂಟಿಮೀಟರಿಗೂ 20, ಕೊನೆಯದಕ್ಕೂ 20. ನಮ್ಮ ಏರ್ ಶಾಕ್ ಶುರುವಿನಲ್ಲಿ ಸೆಂಟಿಮೀಟರಿಗೆ 3 ಕೆಜಿ, ನಡುವಿನಲ್ಲಿ 8, ತುದಿಯಲ್ಲಿ 70ರ ಆಸುಪಾಸು. ಒಂದೇ ಸಾಧನದಲ್ಲಿ ಇಷ್ಟು ಹರಹು ಬೇರೆ ಯಾವ ಅಗ್ಗದ ಸ್ಪ್ರಿಂಗ್‌ನಲ್ಲೂ ಸಿಗುವುದಿಲ್ಲ. ಚಕ್ರ ಗುಂಡಿಗೆ ಇಳಿಯುವಾಗ ಮೆತ್ತಗೆ ಹಿಂಬಾಲಿಸುತ್ತದೆ, ಮೇಲಿನಿಂದ ಧೊಪ್ಪನೆ ಬಿದ್ದಾಗ ತಳ ಬಡಿಯಲು ಬಿಡುವುದಿಲ್ಲ.

ಇನ್ನೊಂದು ಸೊಗಸೂ ಇದೆ. ಅದೇ ಶಾಕ್‌ಗೆ 30 ಸಿಸಿ ಆಯಿಲ್ ಹೆಚ್ಚು ಹಾಕಿ, ಒತ್ತಡ ಮಾತ್ರ 200ಕ್ಕೇ ಬಿಡಿ. ಅನಿಲದ ಜಾಗ 320 ಸಿಸಿಗೆ ಇಳಿಯಿತು. ಅರ್ಧದಲ್ಲಿ ಹೊರುವ ಬಲ 195ರಿಂದ 208ಕ್ಕೆ ಹೋಗುತ್ತದೆ. ಗಾಡಿಯ ಎತ್ತರದಲ್ಲಿ ದೊಡ್ಡ ಬದಲಾವಣೆ ಏನಿಲ್ಲ. ಆದರೆ ತುದಿಯಲ್ಲಿ ಅದು 600 ಬಿಟ್ಟು ಸಾವಿರ ಕೆಜಿಯ ಹತ್ತಿರ ಹೋಗುತ್ತದೆ. ಎರಡು ಚಮಚ ಆಯಿಲ್‌ನ ಮಹಿಮೆ ಅದು. ಎತ್ತರವನ್ನು ನೈಟ್ರೋಜನ್‌ನಿಂದ ಹೊಂದಿಸು, ಕೊನೆಯ ಗಟ್ಟಿತನವನ್ನು ಆಯಿಲ್‌ನಿಂದ ಹೊಂದಿಸು ಎನ್ನುವುದು ಇದರ ಮೊದಲ ಪಾಠ. ತಳ ಬಡಿಯುತ್ತಿದೆ ಎಂದು ಅನಿಲ ತುಂಬುತ್ತಾ ಹೋದರೆ ಗಾಡಿ ಎತ್ತರವಾಗುತ್ತದೆ, ಚಕ್ರ ಕೆಳಗಿಳಿಯಲು ಉಳಿದ ದೂರ ಕಡಿಮೆಯಾಗುತ್ತದೆ, ಬಂಡೆಯ ಮೇಲೆ ಒಂದು ಕಾಲು ಗಾಳಿಯಲ್ಲಿ ತೂಗಾಡುತ್ತದೆ.

ಈ ಗುಣಗಳೆಲ್ಲ ಹೇಳಿ ಮಾಡಿಸಿದಂತೆ ಒದಗುವುದು ಬಂಡೆ ಹತ್ತುವ ಕೆಲಸಕ್ಕೆ. ನಮ್ಮ ಸುತ್ತಮುತ್ತ ಬಂಡೆಗೇನು ಬರ ಇಲ್ಲ. ರಾಮನಗರದ ಕ್ಲೋಸ್‌ಪೇಟೆ ಗ್ರಾನೈಟು ದಕ್ಷಿಣದಿಂದ ಉತ್ತರಕ್ಕೆ ಉದ್ದಕ್ಕೂ ಹಬ್ಬಿದೆ. ಲಾಲ್‌ಬಾಗಿನ ಗುಡ್ಡದ ನೈಸ್ ಶಿಲೆ ಅದಕ್ಕಿಂತಲೂ ಹಳೆಯದು. (ರಾಮದೇವರ ಬೆಟ್ಟ ರಣಹದ್ದುಗಳ ಧಾಮ. ಅಲ್ಲಿಗೆ ಗಾಡಿ ಹತ್ತಿಸುವ ಯೋಚನೆ ಇದ್ದವರು ಈ ಲೇಖನವನ್ನು ಇಲ್ಲಿಗೇ ನಿಲ್ಲಿಸಬಹುದು. ಮಾಲೀಕರ ಒಪ್ಪಿಗೆ ಇರುವ ಖಾಸಗಿ ಜಮೀನು ಬೇರೆ ಮಾತು.) ಬಂಡೆಯ ಮೇಲೆ ವೇಗ ಎನ್ನುವುದು ನಡಿಗೆಗಿಂತ ಕಡಿಮೆ. ಗಾಡಿ ಹಗುರವಾಗಿರಬೇಕು, ಚಕ್ರ ಉದ್ದಕ್ಕೂ ಇಳಿಯಬೇಕು, ಏರಬೇಕು. ಮೂಲರೂಪದಲ್ಲೇ ಒಂದು ಟನ್ನಿನ ಆಚೀಚೆ ಇರುವ ಜಿಪ್ಸಿಯನ್ನು ಇನ್ನಷ್ಟು ಬರಿದು ಮಾಡಿದರೆ ಒಂದೊಂದು ಮೂಲೆಗೆ ಬೀಳುವ ಭಾರ ಇನ್ನೂರು ಕೆಜಿಯ ಹತ್ತಿರ. ನಮ್ಮ ಲೆಕ್ಕದ ಶಾಕ್ ಅರ್ಧ ಓಡಾಟದಲ್ಲಿ ಹೊರುವುದೂ ಅಷ್ಟನ್ನೇ. ಒಂದೂಮುಕ್ಕಾಲು ಟನ್ ತೂಗುವ ಥಾರ್‌ಗೆ ಇದೇ ಶಾಕ್ ಹಾಕಿದರೆ ಒತ್ತಡವನ್ನು ಹತ್ತಿರಹತ್ತಿರ ದುಪ್ಪಟ್ಟು ಮಾಡಬೇಕು, ಸೀಲುಗಳು ಅದನ್ನು ಬಹಳ ದಿನ ಸಹಿಸುವುದಿಲ್ಲ. ಇನ್ನೂ ದಪ್ಪ ರಾಡ್‌ನ ದೊಡ್ಡ ಶಾಕ್ ಬೇಕಾಗುತ್ತದೆ.

ಇನ್ನು ಕೈಕೊಡುವ ಜಾಗಗಳು. ಮೊದಲನೆಯದು ಬಿಸಿ. ಡ್ಯಾಂಪಿಂಗ್ ಎಂದರೆ ಕುಲುಕಾಟದ ಶಕ್ತಿಯನ್ನು ಆಯಿಲ್‌ನಲ್ಲಿ ಬಿಸಿಯಾಗಿ ಕರಗಿಸುವುದು. ಆ ಆಯಿಲ್‌ನ ಜೊತೆಯಲ್ಲೇ ಗಾಡಿಯನ್ನು ಹೊರುವ ಅನಿಲವೂ ಕೂತಿದೆ. ಬೆಳಿಗ್ಗೆ 25 ಡಿಗ್ರಿಯಲ್ಲಿ ಒತ್ತಡ ಹೊಂದಿಸಿದಿರಿ, ಮಣ್ಣುರಸ್ತೆಯಲ್ಲಿ ವೇಗವಾಗಿ ಓಡಿಸಿ ಶಾಕ್ 95 ಡಿಗ್ರಿ ಮುಟ್ಟಿತು ಎನ್ನಿ. ಅನಿಲದ ಒತ್ತಡ ಕಾಲುಪಾಲಿಗೆ ಸ್ವಲ್ಪ ಕಡಿಮೆ ಏರುತ್ತದೆ. ನಮ್ಮ ಶಾಕ್‌ನ ಲೆಕ್ಕದಲ್ಲಿ ಅದೇ 195 ಕೆಜಿ ಭಾರಕ್ಕೆ ಗಾಡಿ ಸುಮಾರು 6 ಸೆಂ.ಮೀ. ಮೇಲೇಳುತ್ತದೆ. ಓಡಿಸುತ್ತಾ ಓಡಿಸುತ್ತಾ ಗಾಡಿ ಎತ್ತರವಾಗುವುದು ತಮಾಷೆಯಾಗಿ ಕೇಳಿಸಬಹುದು, ತಿರುವಿನಲ್ಲಿ ತಮಾಷೆ ಇರುವುದಿಲ್ಲ. ಇದರ ಜೊತೆಗೆ ಆಯಿಲ್ ಮತ್ತು ಅನಿಲ ಕಲಸಿ ನೊರೆಯಾಗುತ್ತದೆ. ಪಿಸ್ಟನ್‌ನ ತೂತುಗಳಲ್ಲಿ ನೊರೆ ಸಲೀಸಾಗಿ ನುಸುಳುವುದರಿಂದ ಡ್ಯಾಂಪಿಂಗ್ ಕುಗ್ಗುತ್ತದೆ. ಎತ್ತರ ಹೆಚ್ಚು, ಹಿಡಿತ ಕಡಿಮೆ. ಬೆಂಗಳೂರಿನಿಂದ ಸಕಲೇಶಪುರಕ್ಕೆ 220 ಕಿ.ಮೀ. ಹೆದ್ದಾರಿಯಲ್ಲಿ ನಾಲ್ಕು ಜನರನ್ನು ಕೂರಿಸಿಕೊಂಡು ಹೋಗುವ ಗಾಡಿಗೆ ಇದೆಂಥ ಜೋಡಿ?

ನೈಟ್ರೋಜನ್ ಬಿಸಿಗೆ ಹಿಗ್ಗುವುದಿಲ್ಲ ಎಂಬ ಮಾತನ್ನು ಪೆಟ್ರೋಲ್ ಬಂಕಿನಲ್ಲಿ ಟೈರ್‌ಗೆ ಗಾಳಿ ತುಂಬಿಸಿಕೊಳ್ಳುವ ಎಲ್ಲರೂ ಕೇಳಿರುತ್ತೀರಿ. ಅದು ಸುಳ್ಳು. ಒಣಗಾಳಿ ಎಷ್ಟು ಹಿಗ್ಗುತ್ತದೋ ನೈಟ್ರೋಜನ್ನೂ ಅಷ್ಟೇ ಹಿಗ್ಗುತ್ತದೆ. ಗಾಳಿಯಲ್ಲೇ ನಾಲ್ಕರಲ್ಲಿ ಮೂರು ಪಾಲಿಗಿಂತ ಹೆಚ್ಚು ನೈಟ್ರೋಜನ್ ಇದೆ. ಶಾಕ್‌ಗೆ ಅದನ್ನು ಹಾಕುವ ಕಾರಣ ಬೇರೆ. ಸಿಲಿಂಡರಿನಲ್ಲಿ ಬರುವ ನೈಟ್ರೋಜನ್ ಒಣದು, ಅದರಲ್ಲಿ ತುಕ್ಕು ಹಿಡಿಸುವ ತೇವವಿಲ್ಲ, ಬಿಸಿ ಆಯಿಲ್ ಉರಿಯಲು ನೆರವಾಗುವ ಆಮ್ಲಜನಕವಿಲ್ಲ. ಜೊತೆಗೆ, ಟೈರ್ ಅಂಗಡಿಯ ಸಾಮಾನ್ಯ ಕಂಪ್ರೆಸರ್ ಇಷ್ಟು ಒತ್ತಡ ಕೊಡಲಾರದು.

ಎರಡನೆಯದು ಪಕ್ಕ ಇಳಿಜಾರು. ಏರ್ ಶಾಕ್‌ನ ಬಗ್ಗೆ ನನಗೆ ನಿಜಕ್ಕೂ ಭಯ ಇರುವುದು ಇಲ್ಲಿ. ಗಾಡಿ ಎಡಕ್ಕೆ ವಾಲಿ, ಬಲಗಡೆಯ ಶಾಕ್ ಮೇಲಿದ್ದ ಭಾರದಲ್ಲಿ 50 ಕೆಜಿ ಎಡಗಡೆಗೆ ಹೋಯಿತು ಎನ್ನಿ. ಎಡಗಡೆಯ ಶಾಕ್ ಸುಮಾರು 5 ಸೆಂ.ಮೀ. ಕುಸಿಯುತ್ತದೆ. ಬಲಗಡೆಯದು ಸುಮಾರು 9 ಸೆಂ.ಮೀ. ಚಾಚಿಕೊಳ್ಳುತ್ತದೆ, ಏಕೆಂದರೆ ಚಾಚುವ ದಿಕ್ಕಿನಲ್ಲಿ ಈ ಸ್ಪ್ರಿಂಗ್ ಮೆತ್ತಗಾಗುತ್ತಾ ಹೋಗುತ್ತದೆ. ಕುಸಿದದ್ದಕ್ಕಿಂತ ಎದ್ದದ್ದು ಹೆಚ್ಚು. ಒಟ್ಟಿನಲ್ಲಿ ಗಾಡಿ ವಾಲುವುದರ ಜೊತೆಗೆ ಮೇಲಕ್ಕೂ ಏಳುತ್ತದೆ. ಬೀಳುವ ಸ್ಥಿತಿಯಲ್ಲಿರುವ ಗಾಡಿಗೆ ಬೇಡವೇ ಬೇಡವಾದ ಉಪಕಾರ ಅದು. ಕಾಯಿಲ್ ಸ್ಪ್ರಿಂಗ್‌ನಲ್ಲಿ ಎರಡೂ ಕಡೆ ಸಮ. ಸ್ಪರ್ಧೆಯ ಗಾಡಿಗಳು ಇದಕ್ಕೆ ವಾಲಾಟ ತಡೆಯುವ ದಪ್ಪನೆಯ ಆಂಟಿ-ರೋಲ್ ಬಾರ್ ಹಾಕುತ್ತವೆ, ಚಾಚಿಕೊಳ್ಳುವುದಕ್ಕೆ ಮಿತಿ ಹಾಕುವ ಪಟ್ಟಿ ಕಟ್ಟುತ್ತವೆ. ಕೆಲವರು ಚಾಸಿಯ ಮೇಲೆ ಹಗ್ಗ ಸುತ್ತಿ ಎಳೆಯುವ ಚಿಕ್ಕ ವಿಂಚ್ ಕೂರಿಸಿ, ಕಡಿದಾದ ಏರಿನಲ್ಲಿ ಮುಂದಿನ ಆಕ್ಸಲನ್ನು ಚಾಸಿಯ ಕಡೆಗೆ ಎಳೆದು ಹಿಡಿಯುತ್ತಾರೆ. ಶಾಕ್ ಖರೀದಿಸುವಾಗ ಇವುಗಳ ಮಾತು ಯಾರೂ ಎತ್ತುವುದಿಲ್ಲ, ಆದರೆ ಇವಿಲ್ಲದೆ ಆ ಶಾಕ್ ಪೂರ್ತಿಯಲ್ಲ.

ಮೂರನೆಯದು ಜೋಡಣೆ. ಜಿಪ್ಸಿಯ ಬ್ಲೇಡ್ ಸೆಟ್ಟು ಸ್ಪ್ರಿಂಗ್ ಅಷ್ಟೇ ಅಲ್ಲ. ಆಕ್ಸಲ್ ಹಿಂದೆ ಮುಂದೆ ಸರಿಯದಂತೆ, ಪಕ್ಕಕ್ಕೆ ಜಾರದಂತೆ ಹಿಡಿದಿಟ್ಟಿರುವುದೂ ಅದೇ. ಅದನ್ನು ಬಿಚ್ಚಿ ಏರ್ ಶಾಕ್ ಹಾಕಿದರೆ ಆಕ್ಸಲ್ ಅನಾಥವಾಗುತ್ತದೆ. ಅದನ್ನು ಚಾಸಿಗೆ ಕಟ್ಟಿಹಿಡಿಯುವ ತೋಳುಗಳನ್ನು, ಅಂದರೆ ಲಿಂಕ್‌ಗಳನ್ನು, ಹೊಸದಾಗಿ ಮಾಡಿಸಬೇಕು. 2023ರಲ್ಲಿ ಬಂದ ಜಿಮ್ನಿಯಲ್ಲಿ ಕಾಯಿಲ್ ಮತ್ತು ಲಿಂಕ್‌ಗಳು ಇರುವುದರಿಂದ ಆ ತೊಂದರೆ ಕಡಿಮೆ, ಆದರೆ ಇನ್ನೊಂದು ಇದೆ. ಕಂಪನಿ ಕೊಟ್ಟ ಶಾಕ್‌ನ ಬ್ರ್ಯಾಕೆಟ್ ಡ್ಯಾಂಪಿಂಗ್‌ನ ಎಳೆತ ತಳ್ಳಾಟಕ್ಕೆ ಮಾತ್ರ ಮಾಡಿದ್ದು. ಭಾರ ಕೂರುವುದು ಸ್ಪ್ರಿಂಗ್‌ನ ಬಟ್ಟಲಿನ ಮೇಲೆ. ಏರ್ ಶಾಕನ್ನು ಅದೇ ಬ್ರ್ಯಾಕೆಟ್ಟಿಗೆ ಬೋಲ್ಟ್ ಮಾಡಿದರೆ ಗಾಡಿಯ ಪೂರ್ತಿ ಮೂಲೆ, ನೆಗೆತದ ಹೊಡೆತಗಳ ಸಮೇತ, ಒಂದು ಬೋಲ್ಟಿನ ಮೇಲೆ ಬೀಳುತ್ತದೆ. ಚಾಸಿಯಿಂದಲೇ ಹೊಸ ಟವರ್ ಎಬ್ಬಿಸಿ ವೆಲ್ಡ್ ಮಾಡಬೇಕು. ಪೀಣ್ಯದಲ್ಲಿ ಇಂಥ ಕೆಲಸವನ್ನು ಅಚ್ಚುಕಟ್ಟಾಗಿ ಮಾಡಬಲ್ಲ ವರ್ಕ್‌ಶಾಪುಗಳಿಗೆ ಕೊರತೆಯಿಲ್ಲ, ಆದರೆ ಎಲ್ಲಿ, ಯಾವ ಕೋನದಲ್ಲಿ, ಎಷ್ಟು ಓಡಾಟಕ್ಕೆ ಎಂದು ಲೆಕ್ಕ ಹಾಕಿ ಹೇಳುವವರು ನೀವೇ ಆಗಿರಬೇಕು. ಶಾಕ್ ಓರೆಯಾದಷ್ಟೂ ಅದು ಹೊರುವುದು ಕಡಿಮೆ.

ದಿನನಿತ್ಯದ ಆರೈಕೆಯಲ್ಲೂ ಇದು ಕಿರಿಕಿರಿಯ ಪ್ರಾಣಿ. ಒತ್ತಡ ನೋಡಬೇಕೆಂದರೆ ಚಕ್ರವನ್ನು ನೆಲದಿಂದ ಎತ್ತಿ, ಶಾಕ್ ತಣ್ಣಗಾಗಿರುವಾಗ, ಪೂರ್ತಿ ಚಾಚಿಸಿ ನೋಡಬೇಕು. ಗೇಜನ್ನು ಸಿಕ್ಕಿಸುತ್ತಿದ್ದಂತೆಯೇ ಶಾಕ್‌ನೊಳಗಿನ ಅನಿಲ ಗೇಜಿನ ಪೈಪಿಗೂ ನುಗ್ಗುತ್ತದೆ. ಪೈಪಿನಲ್ಲಿ 10 ಸಿಸಿ ಜಾಗ ಇದ್ದರೆ 200 ಇದ್ದದ್ದು 194ಕ್ಕೆ ಇಳಿಯುತ್ತದೆ. ಅಂದರೆ ನೋಡಿದ್ದಕ್ಕೇ ಐದಾರು ಪಿಎಸ್‌ಐ ಖರ್ಚು. ದಿನಾ ಬೆಳಿಗ್ಗೆ ಕುತೂಹಲಕ್ಕೆ ಅಳೆಯುವವರ ಗಾಡಿ ವಾರದಲ್ಲಿ ನೆಲಕ್ಕೆ ಹತ್ತಿರವಾಗುತ್ತದೆ. ಹೀಗಾಗಿ ನೈಟ್ರೋಜನ್ ಸಿಲಿಂಡರ್, ರೆಗ್ಯುಲೇಟರ್ ಮನೆಯಲ್ಲಿ ಅಥವಾ ಗ್ಯಾರೇಜಿನಲ್ಲಿ ಇರಲೇಬೇಕು.

ಮಳೆಗಾಲದ ಮಲೆನಾಡಿನ ಕೆಸರು ಬರಿಯ ಮಣ್ಣಲ್ಲ, ಅದರೊಳಗೆ ಮರಳು, ಕಲ್ಲಿನ ಚೂರು ಇರುತ್ತದೆ. ಒಂದು ಚೂರು ಕ್ರೋಮ್ ರಾಡ್‌ನ ಮೇಲೆ ಗೀರು ಎಳೆದರೆ ಸಾಕು, ಆ ಗೀರು ಪ್ರತಿ ಏರಿಳಿತಕ್ಕೂ ಸೀಲನ್ನು ಕೊಯ್ಯುತ್ತದೆ. ಮಾಮೂಲು ಶಾಕ್‌ನ ಸೀಲ್ ಹೋದರೆ ಆಯಿಲ್ ಸೋರುತ್ತದೆ, ಗಾಡಿ ಕುಣಿಯುತ್ತದೆ, ಬೈದುಕೊಂಡು ನಿಧಾನವಾಗಿ ಮನೆ ಸೇರಬಹುದು. ಸ್ಪ್ರಿಂಗ್ ನಿಂತೇ ಇರುತ್ತದೆ. ಏರ್ ಶಾಕ್‌ನ ಸೀಲ್ ಹೋದರೆ ಆ ಮೂಲೆ ಕೂತುಬಿಡುತ್ತದೆ. ಬಿಸಿಲೆ ಘಾಟಿಯ ಮಳೆಯಲ್ಲಿ, ಮೊಬೈಲ್ ಸಿಗ್ನಲ್ ಇಲ್ಲದ ಕಡೆ, ಟೈರು ಮಡ್‌ಗಾರ್ಡಿಗೆ ತಾಗಿ ನಿಂತ ಜಿಮ್ನಿಯನ್ನು ಹೊರತರುವ ಖರ್ಚು ಮತ್ತು ಫಜೀತಿಯನ್ನು ಮೊದಲೇ ಊಹಿಸಿಕೊಳ್ಳುವುದು ಒಳ್ಳೆಯದು.

ಕಾನೂನಿನ ಮಾತು ಚಿಕ್ಕದು. ಮೋಟಾರು ವಾಹನ ಕಾಯ್ದೆಯ 52ನೇ ಸೆಕ್ಷನ್ ಇಂಥ ಮಾರ್ಪಾಡುಗಳನ್ನು ನಿರ್ಬಂಧಿಸುತ್ತದೆ. ತಯಾರಕರ ಮೂಲ ವಿವರಗಳಿಗೆ ವ್ಯತಿರಿಕ್ತವಾಗಿ ವಾಹನವನ್ನು ಬದಲಿಸುವಂತಿಲ್ಲ ಎಂದು 2019ರ ಜನವರಿಯಲ್ಲಿ ಸುಪ್ರೀಂ ಕೋರ್ಟ್ ಹೇಳಿದೆ. ಚಾಸಿಗೆ ಟವರ್ ವೆಲ್ಡ್ ಮಾಡಿದ ಗಾಡಿ ಅಪಘಾತಕ್ಕೀಡಾದರೆ ವಿಮೆಯವರು ಮೊದಲು ನೋಡುವುದು ಅದನ್ನೇ.

ಹಾಗಾದರೆ ರಸ್ತೆಯಲ್ಲೂ ಓಡಬೇಕು, ಬೆಟ್ಟವನ್ನೂ ಹತ್ತಬೇಕು ಎನ್ನುವವರು ಏನು ಮಾಡಬೇಕು? ಮೊದಲು ಟೈರು. ಸವೆದ ಟೈರಿನ ಗಾಡಿಗೆ ದುಬಾರಿ ಶಾಕ್ ಹಾಕಿಸುವುದೆಂದರೆ ಹೊಟ್ಟೆಗೆ ಹಿಟ್ಟಿಲ್ಲದಿದ್ದರೂ ಜುಟ್ಟಿಗೆ ಮಲ್ಲಿಗೆ ಹೂವು. ಆಮೇಲೆ ಸ್ಪ್ರಿಂಗ್ ಉಳಿಸಿಕೊಂಡೇ ಒಳ್ಳೆಯ ಮಾನೋಟ್ಯೂಬ್ ಗ್ಯಾಸ್ ಶಾಕ್. ಅದರಲ್ಲಿ ಆಯಿಲ್ ಮತ್ತು ನೈಟ್ರೋಜನ್ ನಡುವೆ ತೇಲುವ ಇನ್ನೊಂದು ಪಿಸ್ಟನ್ ಇರುವುದರಿಂದ ನೊರೆ ಏಳುವುದಿಲ್ಲ. ಬದಿಗೆ ಡಬ್ಬಿ ಅಂಟಿಸಿಕೊಂಡ ಮಾದರಿಯಾದರೆ ಆಯಿಲ್ ಹೆಚ್ಚು ಹಿಡಿಯುತ್ತದೆ, ಬೇಗ ಕಾಯುವುದಿಲ್ಲ. ಟೆಂಟು, ನೀರಿನ ಕ್ಯಾನು, ನಾಲ್ಕು ಜನರ ಚೀಲ ಹೇರಿದಾಗ ಮಾತ್ರ ಹಿಂಭಾಗ ಕುಸಿಯುವುದು ತೊಂದರೆಯಾದರೆ, ಹಿಂದಿನ ಕಾಯಿಲ್‌ನ ಒಳಗೆ ಕೂರುವ ಪುಟ್ಟ ಗಾಳಿಚೀಲ ಸಿಗುತ್ತದೆ. 35 ಪಿಎಸ್‌ಐ ಒಳಗೇ ಅದರ ಕೆಲಸ ಮುಗಿಯುತ್ತದೆ, ಟೈರಿಗೆ ಗಾಳಿ ಹೊಡೆಯುವ ಪಂಪೇ ಸಾಕು. ಗಾಳಿ ಹೋದರೂ ಕಾಯಿಲ್ ತನ್ನ ಪಾಡಿಗೆ ಗಾಡಿಯನ್ನು ಹೊರುತ್ತದೆ. ಚಕ್ರವನ್ನು ಪೂರ್ತಿ ಜೋತುಬಿಡುವ ಆಳದ ಗುಂಡಿಗಳಲ್ಲಿ ಆ ಚೀಲ ಕಾಯಿಲ್‌ನ ಸುರುಳಿಗಳ ನಡುವೆ ಸಿಕ್ಕಿ ಹರಿಯಬಹುದು. ಅಂಥ ದಾರಿಗೆ ಇಳಿಯುವ ಮೊದಲು ಅದರ ಒತ್ತಡವನ್ನು ತಯಾರಕರು ಹೇಳಿದ ಕನಿಷ್ಠ ಮಟ್ಟಕ್ಕೆ ಇಳಿಸಿಕೊಳ್ಳಬೇಕು.

ಇಷ್ಟಾದರೂ ಬಂಡೆಗೆಂದೇ ಒಂದು ಹಳೆಯ ಜಿಪ್ಸಿಯನ್ನು ಬೇರೆಯಾಗಿ ಕಟ್ಟುವ ಪುಣ್ಯ ನಿಮಗಿದ್ದರೆ ಏರ್ ಶಾಕ್ ಧಾರಾಳವಾಗಿ ಹಾಕಿಸಿ. ಬಳಸಿದ್ದನ್ನು ಕೊಳ್ಳುವುದಾದರೆ ರಾಡ್‌ನ ಉದ್ದಕ್ಕೂ ಉಗುರು ಆಡಿಸಿ ನೋಡಿ. ಉಗುರಿಗೆ ಸಿಕ್ಕುವ ಗೀರಿದ್ದರೆ ಬಿಟ್ಟುಬಿಡಿ. ಮಾರುವವರು ತುಂಬಿ ಕೊಟ್ಟ ಅನಿಲ, ಆಯಿಲ್‌ಗಳನ್ನು ನಂಬಿ ಹಾಗೇ ಗಾಡಿಗೆ ಏರಿಸಬೇಡಿ. ಅನಿಲವನ್ನು ಪೂರ್ತಿ ಹೊರಬಿಟ್ಟ ಮೇಲೆ ಶಾಕ್ ಬಿಚ್ಚಿ, ಆಯಿಲ್ ಅಳೆದು ಹಾಕಿ, ನಾಲ್ಕಕ್ಕೂ ಎಷ್ಟೆಷ್ಟು ಸಿಸಿ ಎಂದು ಬರೆದಿಟ್ಟುಕೊಂಡು ಶುರುಮಾಡಿ. ಆಮೇಲಿನ ಎಲ್ಲ ತಿದ್ದುಪಡಿಗೂ ಆ ಚೀಟಿಯೇ ಆಧಾರ.